ಕೂತಿದ್ದು ಒಪ್ಪಿದ್ದಲ್ಲ

ಮೊನ್ನೆ ನಮ್ಮ ಮೇಡಂ ತೀರಿಕೊಂಡರು. ಸಂಸ್ಥೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ಆಕೆಯನ್ನು ಸಹನಾಮೂರ್ತಿ ಅಂದರು, ತಾಯಿಯಂಥವರು ಅಂದರು. ಒಬ್ಬ ಮಹಾಶಯನಂತೂ, ಮೇಡಂ ಜೀವಮಾನದಲ್ಲಿ ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂದುಬಿಟ್ಟ. ಅಯ್ಯೋ ಪುಣ್ಯಾತ್ಮ, ನೀನು ಆಕೆಯ ಕೈಕೆಳಗೆ ಒಂದು ವಾರ ಕೆಲಸ ಮಾಡಿದ್ದರೆ ಗೊತ್ತಾಗುತ್ತಿತ್ತು ಅಂತ ನಾನು ಕೂತಲ್ಲೇ ಗೊಣಗಿಕೊಂಡೆ. ನಾನು ಆಕೆಯ ಹತ್ತಿರ ಪಿಎಚ್.ಡಿ. ಮಾಡಿದವಳು. ಆಕೆ ಎಲ್ಲಿಯ ಸಹನಾಮೂರ್ತಿ! ನಮ್ಮ ಸಹನೆ ಎಷ್ಟಿದೆ ಅಂತ ನೋಡೋಕೇ ಹುಟ್ಟಿದವರು.

ಕೊನೆಗೆ ಅಧ್ಯಕ್ಷತೆ ವಹಿಸಿದ್ದವರು, ಎಲ್ಲರೂ ಎದ್ದು ಒಂದೆರಡು ನಿಮಿಷ ಅಲ್ಲಾಡದೆ ಮೌನವಾಗಿ ನಿಂತು ಅವರಿಗೆ ಗೌರವ ಸಲ್ಲಿಸೋಣ ಅಂದರು. ಆಕೆಗೆ! ಮೌನ, ಅದೂ ಅಲ್ಲಾಡದೆ! ನನಗೆ ತಡೆಯೋಕೆ ಆಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ನಾನು ಸಾಲಿನಿಂದ ಹೊರಗೆ ಬಂದು, ಚಪ್ಪಲಿ ಸದ್ದು ಮಾಡಿಕೊಂಡು ಬಾಗಿಲವರೆಗೆ ಹೋದೆ. ಅಲ್ಲಿಂದ ತಿರುಗಿ ನನ್ನ ಕುರ್ಚಿಗೇ ವಾಪಸ್ ಬಂದೆ. ಎಷ್ಟೋ ಜನ ಕಣ್ಣು ಬಿಟ್ಟು ದುರುಗುಟ್ಟಿ ನೋಡಿದರು. ಪಕ್ಕದಲ್ಲಿದ್ದ ನನ್ನ ಯಜಮಾನರು ಮಾತ್ರ ತುಟಿ ಕಚ್ಚಿಕೊಂಡು ನಗು ತಡೆದರು. ಅವರಿಗೆ ವಿಷಯ ಗೊತ್ತು. ಉಳಿದವರು ನನ್ನನ್ನು ಒರಟು ಹೆಂಗಸು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಮೇಡಂ ಮೈಸೂರಿನ ಕಡೆಯವರು. ಮುಂಬೈಯ ವಿಲೆ ಪಾರ್ಲೆಯಲ್ಲಿ ಒಂದು ಹಳೇ ಬಿಲ್ಡಿಂಗಿನ ಮೊದಲನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಚಿಕ್ಕ ವಯಸ್ಸಿಗೇ ಮದುವೆ ಆಗಿತ್ತಂತೆ, ಬಿಟ್ಟು ಬಂದರಂತೆ, ಆಮೇಲೆ ಓದಿದರಂತೆ ಅಂತ ಲ್ಯಾಬಿನಲ್ಲಿ ಗುಸುಗುಸು ಇತ್ತು. ಕೇಳುವ ಧೈರ್ಯ ಯಾರಿಗಿತ್ತು? ಸದಾ ಇಸ್ತ್ರಿ ಮಾಡಿದ ಕಾಟನ್ ಸೀರೆ, ಡೆಟಾಲ್ ವಾಸನೆ, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡ ಸ್ಟಾಪ್‌ವಾಚು. ತಾಳಿ ಇರಬೇಕಾದ ಜಾಗದಲ್ಲಿ ಸ್ಟಾಪ್‌ವಾಚು ಅಂತ ನಾವು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ನಮ್ಮ ಕೆಲಸ ಇಲಿಗಳ ಜೊತೆ. ಹೆಣ್ಣು ಇಲಿ ಎರಡು ಗಂಡುಗಳಲ್ಲಿ ಯಾವುದನ್ನು ಇಷ್ಟಪಡುತ್ತೆ, ಅದರ ಮೈಯೊಳಗಿನ ಹಾರ್ಮೋನು ಆ ಇಷ್ಟವನ್ನು ಹ್ಯಾಗೆ ತಿರುಗಿಸುತ್ತೆ, ಅದರ ಮೇಲೆ ಗಾಂಜಾದ ಸತ್ವವನ್ನೂ ಕೊಟ್ಟರೆ ಏನಾಗುತ್ತೆ, ಇದು ನನ್ನ ಥೀಸಿಸ್ಸು. ಕಾಂದಿವಲಿಯ ನಮ್ಮ ಮನೆಯಲ್ಲಿ ಗಾಂಜಾ ಅನ್ನೋ ಮಾತು ಎತ್ತುವ ಹಾಗಿರಲಿಲ್ಲ. ಅಪ್ಪ ನೆಂಟರಿಗೆಲ್ಲ 'ಹಾರ್ಮೋನ್ ರಿಸರ್ಚ್' ಅಂತ ಹೇಳಿ ಅಲ್ಲಿಗೇ ಮಾತು ಮುಗಿಸುತ್ತಿದ್ದರು. ಅಮ್ಮ ನನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಮಗಳು ಡಾಕ್ಟರ್ ಆಗ್ತಾಳೆ ಅಂತ ಬಿಲ್ಡಿಂಗಿಗೆಲ್ಲ ಹೇಳಿಕೊಂಡವಳು, ಎಂಥ ಡಾಕ್ಟರ್ ಅಂತ ಯಾರಾದರೂ ಕೇಳಿದರೆ ಒಲೆ ಮೇಲೆ ಹಾಲಿದೆ ಅಂತ ಒಳಗೆ ಓಡುತ್ತಿದ್ದಳು.

ಪರೀಕ್ಷೆ ಹೀಗೆ. ಒಂದು ಉದ್ದನೆಯ ಮರದ ಪೆಟ್ಟಿಗೆ, ಅದರಲ್ಲಿ ಮೂರು ಕೋಣೆ. ಒಂದು ತುದಿಯ ಕೋಣೆಯಲ್ಲಿ ದೊಡ್ಡ ಗಂಡು, ಇನ್ನೊಂದು ತುದಿಯಲ್ಲಿ ಚಿಕ್ಕ ಗಂಡು. ಎರಡಕ್ಕೂ ಪಟ್ಟಿ ಕಟ್ಟಿರುತ್ತೆ, ತಮ್ಮ ಕೋಣೆ ಬಿಟ್ಟು ಬರುವ ಹಾಗಿಲ್ಲ. ಹೆಣ್ಣಿಗೆ ಮಾತ್ರ ಎಲ್ಲ ಬಾಗಿಲೂ ತೆರೆದಿರುತ್ತೆ. ಹಾರ್ಮೋನು ಸರಿಯಾಗಿ ಕೂತಿದ್ದರೆ ಅದು ಪುಟ್ಟ ಪುಟ್ಟ ಜಿಗಿತ ಹಾಕುತ್ತೆ, ಕಿವಿ ಪಟಪಟ ನಡುಗಿಸುತ್ತೆ, ಒಬ್ಬನ ಹತ್ತಿರ ಹೋಗುತ್ತೆ, ಬಿಟ್ಟು ಬರುತ್ತೆ, ಇನ್ನೊಬ್ಬನನ್ನು ಮೂಸಿ ನೋಡುತ್ತೆ, ಮತ್ತೆ ಹೋಗುತ್ತೆ. ಕತ್ತಲಲ್ಲಿ ಚುರುಕಾಗುವ ಇಲಿಗಳಿಗೆ ಹಗಲು ರಾತ್ರಿ ಅದಲುಬದಲು ಮಾಡಿ ಇಟ್ಟಿದ್ದರಿಂದ, ಹೊರಗೆ ಬಿಸಿಲು ಸುಡುತ್ತಿದ್ದರೂ ನಾವು ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದು, ಕೆಂಪು ಬಲ್ಬಿನ ಬೆಳಕಲ್ಲಿ ಬೆವರು ಸುರಿಸಿಕೊಂಡು ಇದನ್ನೆಲ್ಲ ನೋಡಿ ಬರೆದುಕೊಳ್ಳಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಹೆಣ್ಣೇ ಗಂಡು ನೋಡೋಕೆ ಹೋಗೋದು ಅಂತ ನಾವು ನಕ್ಕರೆ ಮೇಡಂ ನಗುತ್ತಿರಲಿಲ್ಲ. ಅದರಲ್ಲಿ ನಗೋದೇನಿದೆ ಅಂತ ಕೇಳುತ್ತಿದ್ದರು.

ಆ ಕೋಣೆಯೊಳಗೆ ಆಕೆಯ ಕಾಟ ಒಂದೆರಡಲ್ಲ. ಕೆಮ್ಮುವ ಹಾಗಿಲ್ಲ. ಪೌಡರ್ ಹಾಕಿಕೊಳ್ಳುವ ಹಾಗಿಲ್ಲ. ಮಲ್ಲಿಗೆ ಮುಡಿಯುವ ಹಾಗಿಲ್ಲ. ಪೆಟ್ಟಿಗೆಗೆ ಮೊಣಕೈ ತಗುಲಿದರೆ ಅವತ್ತಿನ ಕೆಲಸವೇ ರದ್ದು, ಅಷ್ಟೂ ಹೊತ್ತು ಬರೆದದ್ದು ಕಸದ ಬುಟ್ಟಿಗೆ. ಒಂದು ಸಲ ಗೌರಿ ಹಬ್ಬದ ಮಾರನೇ ದಿನ ನಾನು ಹಸಿರು ಗಾಜಿನ ಬಳೆ ತೊಟ್ಟುಕೊಂಡು ಹೋಗಿದ್ದೆ. ಬಳೆ ಒಂದು ಸಲ ಕಿಣಿ ಅಂದಿತು. ನಡುವಿನ ಕೋಣೆಯಿಂದ ಹೊರಟಿದ್ದ ಹೆಣ್ಣು ಇಲಿ ಅಲ್ಲೇ ನಿಂತಿತು. ಮೇಡಂ ಬಾಗಿಲು ತೆಗೆದು ನನ್ನನ್ನು ಹೊರಗೆ ಕಳಿಸಿದರು. ಅದು ಯಾವ ಕಡೆ ಹೋಗ್ತಿತ್ತೋ ಇನ್ನು ಯಾವತ್ತೂ ಗೊತ್ತಾಗಲ್ಲ, ನಿನ್ನ ಬಳೆ ಕೆಡಿಸಿಬಿಡ್ತು ಅಂದರು. ಅವತ್ತಿಂದ ಲ್ಯಾಬಿಗೆ ಬಂದ ಕೂಡಲೇ ಬಳೆ ತೆಗೆದು ಟಿಫಿನ್ ಡಬ್ಬಿಯಲ್ಲಿ ಹಾಕಿಡೋದು, ಸಾಯಂಕಾಲ ಮತ್ತೆ ಹಾಕಿಕೊಳ್ಳೋದು. ಬರಿಗೈಯಲ್ಲಿ ಮನೆಗೆ ಹೋದರೆ ಅಮ್ಮ ರಂಪ ಮಾಡೋಳು. ಇಬ್ಬರ ಮಧ್ಯೆ ನಾನು ಅರೆದು ಹೋದೆ.

ಲ್ಯಾಬು ಬಿಟ್ಟು ಹೊರಗೆ ಬಂದರೂ ಆಕೆ ಇದನ್ನೇ ಮಾಡೋರು. ದಾದರ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೂತ ಮೇಲೆ ತಿಂಡಿಗಳ ಕಾರ್ಡು ಕೈಗೆ ತಗೊಂಡು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುತ್ತಿದ್ದರು. ಹಿಂದೆ ಜಾಗಕ್ಕೆ ಕಾಯುವ ಜನ ನಮ್ಮ ಕುರ್ಚಿ ಹಿಡಿದು ನಿಂತಿರುತ್ತಿದ್ದರು, ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಎಲ್ಲ ಓದಿ ಮುಗಿಸಿ ಆಕೆ ಹೇಳುತ್ತಿದ್ದದ್ದು ಇಡ್ಲಿ. ದಿನಾ ಇಡ್ಲಿ! ಗಲ್ಲಾದ ಮೇಲೆ ಕೂರುತ್ತಿದ್ದ ಶೆಟ್ಟರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಎಂತ ಮೇಡಂ, ದಿನಾ ತಗೊಳ್ಳುವುದು ಇಡ್ಲಿಯೇ. ಮತ್ತೆ ಇಷ್ಟು ಹೊತ್ತು ಕಾರ್ಡ್ ನೋಡುವುದು ಎಂತಕ್ಕೆ ಮಾರಾಯ್ರೆ?"

ಬೇರೆ ಏನಿದೆ ಅಂತ ನೋಡದೆ ತಗೊಂಡರೆ ಅದು ಅಭ್ಯಾಸ, ನೋಡಿ ತಗೊಂಡರೆ ಇಷ್ಟ ಅಂದರು ಮೇಡಂ. ಶೆಟ್ಟರು ನನ್ನ ಮುಖ ನೋಡಿದರು. ನಾನು ಸಾಂಬಾರಿನ ಮುಖ ನೋಡಿದೆ.

ಲೋಕಲ್ ರೈಲು ಹತ್ತೋದು ಇನ್ನೊಂದು ಪ್ರಾರಬ್ಧ. ಸಾಯಂಕಾಲದ ಹೊತ್ತು ದಾದರಿನಲ್ಲಿ ಯಾರಾದರೂ ತಾವಾಗಿ ಲೋಕಲ್ ಹತ್ತುತ್ತಾರಾ? ಲೇಡೀಸ್ ಡಬ್ಬಿಯ ಮುಂದೆ ಹೋಗಿ ನಿಂತರೆ ಸಾಕು, ಹಿಂದಿನವರೇ ಒಳಗೆ ತುಂಬುತ್ತಾರೆ. ಆಕೆಗೆ ಅದು ಆಗೋದಿಲ್ಲ. ನೂಕಿಸಿಕೊಂಡು ಹತ್ತೋದು ಹತ್ತಿದ ಲೆಕ್ಕ ಅಲ್ಲ ಅಂತ ಗಾಡಿ ಮೇಲೆ ಗಾಡಿ ಬಿಡುತ್ತಿದ್ದರು. ನಾನು ಕಾಂದಿವಲಿಯವರೆಗೆ ಹೋಗಬೇಕು, ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ. ಆಕೆಯನ್ನು ಬಿಟ್ಟು ಹೋಗೋಣ ಅಂದರೆ ಗೈಡು. ಹಲ್ಲು ಕಡಿದುಕೊಂಡು ನಿಲ್ಲುತ್ತಿದ್ದೆ. ಕೊನೆಗೆ ಒಂದು ಗಾಡಿ ಅಷ್ಟಿಷ್ಟು ಖಾಲಿ ಬಂದಾಗ, ದೇವಸ್ಥಾನದ ಮೆಟ್ಟಿಲು ಹತ್ತಿದ ಹಾಗೆ ನಿಧಾನಕ್ಕೆ ಹತ್ತುತ್ತಿದ್ದರು.

ಇಷ್ಟನ್ನೆಲ್ಲ ಹ್ಯಾಗೋ ಸಹಿಸಿಕೊಂಡಿದ್ದೆ. ಆದರೆ ಥೀಸಿಸ್ಸಿಗೇ ಕೈ ಹಾಕಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ನನ್ನ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಅಪ್ಪ ಗಂಡು ಹುಡುಕುತ್ತಿದ್ದರು. ಈ ವರ್ಷದೊಳಗೆ ಓದು ಮುಗಿದರೆ ಸರಿ, ಇಲ್ಲದಿದ್ದರೆ ಬಿಟ್ಟು ಮದುವೆ ಆಗು ಅಂತ ಖಡಾಖಂಡಿತ ಹೇಳಿಬಿಟ್ಟಿದ್ದರು. ಒಂದು ಸಲ ಮದುವೆಯಾಗಿ ಬೇರೆ ಊರಿಗೆ ಹೋದರೆ ಇಲ್ಲಿಯ ಇಲಿಗಳನ್ನು ಯಾರು ನೋಡುತ್ತಾರೆ? ಅಷ್ಟು ವರ್ಷದ ಕೆಲಸಕ್ಕೆ ಎಳ್ಳುನೀರು. ಹಾಗಾಗಿ ನಾನು ಮುಗಿಸುವ ಆತುರದಲ್ಲಿದ್ದೆ. ದೇವರು ಕಣ್ಣು ಬಿಟ್ಟ ಹಾಗೆ ನನ್ನ ಗ್ರಾಫೂ ಚಂದ ಬಂದಿತ್ತು. ಗಾಂಜಾ ಸತ್ವದ ಪ್ರಮಾಣ ಏರಿದ ಹಾಗೆ ಹೆಣ್ಣು ದೊಡ್ಡ ಗಂಡಿನ ಹತ್ತಿರ ಇರುವ ಹೊತ್ತೂ ಏರುತ್ತಾ ಹೋಗಿತ್ತು. ಎಲ್ಲಕ್ಕಿಂತ ಹೆಚ್ಚು ಕೊಟ್ಟ ಇಲಿಗಳು ಅವನನ್ನು ಬಿಟ್ಟು ಕದಲಿರಲೇ ಇಲ್ಲ. ಇದಕ್ಕಿಂತ ಪ್ರೀತಿ ಬೇಕಾ?

ಮೇಡಂ ಗ್ರಾಫನ್ನು ಬಹಳ ಹೊತ್ತು ನೋಡಿದರು. ಬಿಟ್ಟು ಹೋದವಾ, ವಾಪಸ್ ಬಂದವಾ ಅಂತ ಕೇಳಿದರು. ಅವು ಹೋಗಲೇ ಇಲ್ಲ ಮೇಡಂ, ಅಷ್ಟು ಇಷ್ಟ ಅಂದೆ. ಆಕೆ ಎದ್ದು ಒಳಗೆ ಹೋದರು. ಹೆಚ್ಚಿನ ಪ್ರಮಾಣ ಕೊಟ್ಟ ಒಂದು ಹೆಣ್ಣನ್ನು ಎತ್ತಿ ಚಿಕ್ಕ ಗಂಡಿನ ಕೋಣೆಯಲ್ಲಿ ಬಿಟ್ಟರು. ಅದು ಅಲ್ಲೇ ಕೂತಿತು. ಅಲ್ಲಿಂದ ಎತ್ತಿ ನಡುವಿನ ಖಾಲಿ ಕೋಣೆಯಲ್ಲಿ ಗೋಡೆಯ ಮೂಲೆಗೆ ಬಿಟ್ಟರು. ಅಲ್ಲೂ ಕೂತಿತು, ಮೂಗು ಗೋಡೆಗೆ ತಾಗಿಸಿಕೊಂಡು, ಕದಲದೆ.

"ಈಗ ಇದಕ್ಕೆ ಗೋಡೆ ಮೇಲೆ ಪ್ರೀತಿ ಬಂತೇನೇ?" ಅಂದರು.

ನಮ್ಮ ಲ್ಯಾಬಿನ ಕ್ರಮದಲ್ಲಿ ಹೆಣ್ಣಿಗೆ ಎರಡೂ ಕೋಣೆ ತೋರಿಸಿ ಕೊನೆಗೆ ದೊಡ್ಡ ಗಂಡಿನ ಹತ್ತಿರ ಬಿಡುತ್ತಿದ್ದೆವು. ಜಾಸ್ತಿ ಗಾಂಜಾ ಏರಿದ ಇಲಿಗೆ ಅಲ್ಲಿಂದ ಎದ್ದು ಹೋಗುವ ಶಕ್ತಿಯೇ ಇರಲಿಲ್ಲ, ಅಷ್ಟೆ.

"ಕೂತಿದ್ದು ಒಪ್ಪಿದ್ದಲ್ಲ ಕಣೇ. ಬಿಟ್ಟು ಹೋಗೋ ಶಕ್ತಿ ಇರಬೇಕು. ಹೋಗಿ, ಆಮೇಲೆ ತಾನಾಗಿ ವಾಪಸ್ ಬರಬೇಕು. ಅದಕ್ಕೆ ಇಷ್ಟ ಅಂತ ಹೆಸರು."

ಹಾಗಂದು ಪೂರ್ತಿ ಗುಂಪಿನ ಮೇಲೆ ಗೀಟು ಎಳೆದರು. ಪ್ರಮಾಣ ಕಡಿಮೆ ಮಾಡಿ, ಹಾರ್ಮೋನಿನ ಜೊತೆ ಸೇರಿಸಿ, ಮೊದಲಿನಿಂದ ಮಾಡು ಅಂದರು. ನಾನು ಅತ್ತೆ. ಅಪ್ಪ ಹೇಳಿದ್ದು, ಫೆಲೋಶಿಪ್ ಮುಗಿಯುತ್ತಿರೋದು, ಎಲ್ಲ ಹೇಳಿಕೊಂಡೆ. ಆಕೆ ಎಲ್ಲ ಕೇಳಿಸಿಕೊಂಡರು, ಕೇಳಿಸಿಕೊಂಡು ಹೊಸ ಇಲಿಗಳನ್ನು ತರಿಸೋಕೆ ಹೇಳಿಕಳಿಸಿದರು. ಅವತ್ತು ಲೋಕಲ್ಲಿನಲ್ಲಿ ನಿಂತುಕೊಂಡು ನಾನು ಒಂದು ತೀರ್ಮಾನ ಮಾಡಿದೆ. ಸಾಕು ಈ ಹೆಂಗಸಿನ ಸಹವಾಸ. ಅಪ್ಪ ಯಾರನ್ನು ತೋರಿಸಿದರೂ ಹೂಂ ಅನ್ನೋದು.

ತಿಂಗಳೊಳಗೇ ಅಪ್ಪ ಒಬ್ಬರನ್ನು ತೋರಿಸಿದರು. ಹುಡುಗ ಬೆಂಗಳೂರಿನವರ ಪೈಕಿ, ನಾಗಪುರದಲ್ಲಿ ಇಂಜಿನಿಯರು. ಅವನ ಸೋದರತ್ತೆ ದಹಿಸರ್‌ನಲ್ಲಿದ್ದರು, ಅವರೇ ಮುಂದೆ ನಿಂತು ಸಂಬಂಧ ತಂದಿದ್ದರು. ಒಂದು ಭಾನುವಾರ ನಮ್ಮ ಮನೆಗೆ ಹೆಣ್ಣು ನೋಡೋಕೆ ಬರುವುದು ಅಂತಾಯಿತು. ಅಮ್ಮನಿಗೆ ಏನು ಹೊಳೆಯಿತೋ, ಮೇಡಮ್ಮನ್ನೂ ಕರೆದುಬಿಟ್ಟಳು. ನಮ್ಮ ಕಡೆಯವರೇ, ದೊಡ್ಡ ವಿದ್ವಾಂಸರು, ಹುಡುಗಿ ಬಗ್ಗೆ ನಾಲ್ಕು ಒಳ್ಳೆ ಮಾತು ಆಡಿದರೆ ತೂಕ ಬರುತ್ತೆ ಅಂತ ಅವಳ ಲೆಕ್ಕಾಚಾರ. ಬೇಡ ಅಮ್ಮ, ಆಕೆಯ ಬಾಯಲ್ಲಿ ಒಳ್ಳೆ ಮಾತು ಬರೋದಿಲ್ಲ ಅಂತ ಬಡಕೊಂಡೆ. ಕೇಳಿದರೆ ತಾನೆ!

ಮೇಡಂ ಎಲ್ಲರಿಗಿಂತ ಮೊದಲೇ ಬಂದು ದಿವಾನದ ಮೂಲೆಯಲ್ಲಿ ಕೂತರು. ಹುಡುಗನ ಕಡೆಯವರು ಬಂದರು. ನಾನು ಅಮ್ಮನ ರೇಷ್ಮೆ ಸೀರೆ ಉಟ್ಟು, ಕೈತುಂಬ ಗಾಜಿನ ಬಳೆ ತೊಟ್ಟು, ಕೇಸರಿಭಾತು ಉಪ್ಪಿಟ್ಟು ಕೊಟ್ಟು, ನಮಸ್ಕಾರ ಮಾಡಿ, ಅಮ್ಮ ತೋರಿಸಿದ ಜಾಗದಲ್ಲಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತೆ. ಹುಡುಗ ಕಪ್ಪೋ ಬಿಳುಪೋ ಅಂತಲೂ ನೋಡಲಿಲ್ಲ. ನೋಡಿ ಆಗಬೇಕಾದ್ದೇನು? ಹೂಂ ಅನ್ನೋದು ನಿಶ್ಚಯವಾಗಿತ್ತಲ್ಲ. ಇಲಿ ಇಲ್ಲ, ಮೇಡಂ ಇಲ್ಲ, ನಾಗಪುರ, ಅಷ್ಟೆ.

ಸೋದರತ್ತೆಗೆ ನಾನು ಮೆಚ್ಚಿಗೆಯಾದೆ. ಓದು ಸಾಕಷ್ಟಾಯಿತು, ಮುಂದಿನ ತಿಂಗಳೇ ಮಾಡಿ ಮುಗಿಸೋಣ, ಥೀಸಿಸ್ಸು ಗೀಸಿಸ್ಸು ಅಂತ ಇಲ್ಲಿ ಕೂರೋದು ಬೇಡ ಅಂದರು. ಅಪ್ಪ ತಲೆಯಾಡಿಸಿದರು. ನಮ್ಮ ಹುಡುಗನದ್ದು ಒಪ್ಪಿಗೆ, ನಿಮ್ಮ ಹುಡುಗಿಯೂ ಎಷ್ಟು ಲಕ್ಷಣವಾಗಿ ಕೂತಿದಾಳೆ, ಒಪ್ಪಿದ ಹಾಗೇ ತಾನೆ ಅಂತ ಸೋದರತ್ತೆ ನಕ್ಕರು.

"ಕೂತಿದಾಳೆ," ಅಂದರು ಮೇಡಂ. "ಒಪ್ಪಿದಾಳೆ ಅಂತ ಹ್ಯಾಗೆ ಹೇಳ್ತೀರಿ?"

ಅಪ್ಪ ಏನೋ ಹೇಳಿ ಮಾತು ಮರೆಸೋಕೆ ಹೋದರು. ಮೇಡಂ ಬಿಟ್ಟರೆ ತಾನೆ! ಅವಳನ್ನ ಅಲ್ಲಿ ಕೂರಿಸಿದವರು ಯಾರು ಅಂತ ಕೇಳಿದರು. ಅಮ್ಮ ಅರ್ಥವಾಗದೆ, ನಾನೇ ಕೂರಿಸಿದ್ದು ಅಂದಳು. ಹಾಗಾದರೆ ಅದು ನಿಮ್ಮ ಇಷ್ಟ ಆಯಿತು, ಅವಳದ್ದು ಇನ್ನೂ ಗೊತ್ತಾಗಿಲ್ಲ ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೂ ಮಾನ ಉಳಿಯುತ್ತಿತ್ತು. ಸೋದರತ್ತೆಗೆ ತಿಳಿಯಲಿ ಅಂತ ಇಲಿಗಳ ಕಥೆ ಶುರು ಮಾಡಿದರು. ದೊಡ್ಡ ಗಂಡು, ಚಿಕ್ಕ ಗಂಡು, ಮೂರು ಕೋಣೆ. ಗಾಂಜಾ ಅನ್ನೋ ಮಾತು ನಮ್ಮ ನಡುಮನೆಯಲ್ಲಿ, ದೇವರ ಫೋಟೋಗಳ ಕೆಳಗೆ, ಸ್ಪಷ್ಟವಾಗಿ ಕೇಳಿಸಿತು. ಗಾಂಜಾ ಜಾಸ್ತಿ ಆದಾಗ ನಮ್ಮ ಹೆಣ್ಣಿಲಿಗಳೂ ಹೀಗೇ ಲಕ್ಷಣವಾಗಿ ಕೂರುತ್ತವೆ ಅಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋದರತ್ತೆಯ ಕೈಯಲ್ಲಿದ್ದ ಚಮಚ ಕೇಸರಿಭಾತಿನಲ್ಲೇ ನಿಂತಿತು. ಎದುರಿನಿಂದ ಯಾರೋ ಫಕ್ಕಂತ ನಕ್ಕದ್ದು ಕೇಳಿಸಿತು. ನಕ್ಕವನು ಹುಡುಗ.

"ಅವಳು ಎಲ್ಲಿಗಾದರೂ ಎದ್ದು ಹೋಗಲಿ, ಆಮೇಲೆ ಹೇಳೋಣ," ಅಂದು ಮೇಡಂ ಸೆರಗು ಸರಿ ಮಾಡಿಕೊಂಡು ನನ್ನನ್ನೇ ನೋಡುತ್ತಾ ಕೂತರು, ಪೆಟ್ಟಿಗೆಯೊಳಗೆ ನೋಡುತ್ತಿದ್ದ ಹಾಗೆ.

ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ, ಬಳೆಗಳೆಲ್ಲ ಝಣ್ ಅಂದವು. ಎದ್ದ ಮೇಲೆ ಗೊತ್ತಾಯಿತು, ಎಲ್ಲಿಗೆ ಹೋಗಬೇಕು ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಆ ಕಡೆ ಅಡುಗೆಮನೆ, ಈ ಕಡೆ ಬೀದಿ ಬಾಗಿಲು. ನಾಗಪುರಕ್ಕೆ ಹೋಗಿಬಿಡಬೇಕು ಅಂತ ಅಷ್ಟು ಆಸೆಪಟ್ಟಿದ್ದೆನಲ್ಲ, ಕೂತಲ್ಲಿಂದ ಎದ್ದ ಮೇಲೆ ಆ ಆಸೆ ನೆಟ್ಟಗೆ ನಿಲ್ಲಲಿಲ್ಲ. ಕಣ್ಣ ಮುಂದೆ ಬಂದದ್ದು ಗೀಟು ಹಾಕಿದ ಗ್ರಾಫು, ಹೊಸದಾಗಿ ಬಂದ ಇಲಿಗಳು. ಅವನ್ನು ನಾನೇ ನೋಡಬೇಕು ಅನ್ನಿಸಿತು. ಹಾಳಾದ ಇಲಿಗಳು! ತಲೆ ಎತ್ತಿದೆ. ಆಗ ಮೊದಲ ಸಲ ಹುಡುಗನನ್ನು ನೋಡಿದೆ. ಅವನು ನಗೋದು ನಿಲ್ಲಿಸಿ, ನಾನು ಎಲ್ಲಿಗೆ ಹೋಗುತ್ತೇನೋ ಅಂತ ನಿಜವಾಗಿ ಗಾಬರಿಯಿಂದ ನೋಡುತ್ತಿದ್ದ. ಆ ಮುಖ ನನಗೆ ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಹಿಡಿಸಿತು. ನೇರ ಅವನ ಹತ್ತಿರ ನಡೆದುಹೋಗಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತೆ.

"ನನ್ನ ಕೆಲಸ ಅರ್ಧಕ್ಕೆ ನಿಂತಿದೆ," ಅಂದೆ. "ಅದನ್ನ ಮುಗಿಸದೆ ನಾನು ಎಲ್ಲಿಗೂ ಬರಲ್ಲ."

"ಎಷ್ಟು ದಿನ ಆಗಬಹುದು?" ಅಂತ ಅವನು ಮೆತ್ತಗೆ ಕೇಳಿದ.

ಅವರನ್ನೇ ಕೇಳಿ ಅಂತ ಮೇಡಂ ಕಡೆ ಕೈ ತೋರಿಸಿದೆ. ಅದನ್ನ ಇಲಿಗಳನ್ನ ಕೇಳಬೇಕು ಅಂದರು ಆಕೆ. ಅವನು ಆಗಲಿ, ಕಾಯ್ತೀನಿ ಅಂದ. ಸೋದರತ್ತೆ ತಟ್ಟೆ ಕೆಳಗಿಟ್ಟು ಎದ್ದವರು ಅವತ್ತಿಂದ ಇವತ್ತಿನವರೆಗೆ ನಮ್ಮ ಅಮ್ಮನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಅವನು ಕಾದದ್ದು ಮಾತ್ರ ನಿಜ, ಒಂದು ವರ್ಷಕ್ಕೂ ಮೇಲೆ. ಅಷ್ಟರಲ್ಲಿ ಹೊಸ ಇಲಿಗಳು ಕಡಿಮೆ ಪ್ರಮಾಣದ ಗಾಂಜಾಕ್ಕೆ, ಹಾರ್ಮೋನಿನ ಜೊತೆ ಸೇರಿದಾಗ, ಚೆನ್ನಾಗಿ ಓಡಾಡಿ, ಗಂಡನ್ನು ಬಿಟ್ಟು ಹೋಗಿ, ತಾವಾಗಿ ವಾಪಸ್ ಬಂದು ನನ್ನ ಮಾನ ಕಾಪಾಡಿದವು. ಥೀಸಿಸ್ಸಿಗೆ ಮೇಡಂ ಸಹಿ ಹಾಕಿದ ಮೇಲೆಯೇ ನಾನು ನಾಗಪುರದ ಗಾಡಿ ಹತ್ತಿದ್ದು. ಆಮೇಲೆ ವರ್ಗವಾಗಿ ಇಬ್ಬರೂ ಮುಂಬೈಗೇ ಬಂದೆವು. ಮೊನ್ನೆ ಸಭೆಯಲ್ಲಿ ತುಟಿ ಕಚ್ಚಿಕೊಂಡದ್ದು ಇದೇ ಆಸಾಮಿ.

ಆದರೆ ಅವತ್ತು ಇದೆಲ್ಲ ಯಾರಿಗೆ ಗೊತ್ತಿತ್ತು? ಮನೆಯಲ್ಲಿ ಸೂತಕದ ವಾತಾವರಣ. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಮೊದಲು ಈಕೆಯನ್ನ ಸ್ಟೇಷನ್ ಮುಟ್ಟಿಸಿ ಬಾ, ಇಲ್ಲಿದ್ದರೆ ಇನ್ನೇನು ಮಾತಾಡ್ತಾರೋ ಅಂದರು. ರೇಷ್ಮೆ ಸೀರೆಯಲ್ಲೇ ಆಕೆಯ ಜೊತೆ ಕಾಂದಿವಲಿ ಸ್ಟೇಷನ್ನಿಗೆ ನಡೆದೆ. ಪ್ಲಾಟ್‌ಫಾರ್ಮಿಗೆ ಬಂದ ಗಾಡಿ ತುಂಬಿತ್ತು. ಯಥಾಪ್ರಕಾರ ಆಕೆ ಅದನ್ನು ಬಿಟ್ಟರು. ನನಗೆ ಅಲ್ಲಿಯವರೆಗೆ ತಡೆದದ್ದೆಲ್ಲ ಕಿತ್ತುಕೊಂಡು ಬಂತು. ನನ್ನ ಮದುವೆ ವಿಷಯ ನಿಮಗೆ ಯಾಕೆ ಬೇಕಿತ್ತು ಮೇಡಂ, ನಾನೇನು ನಿಮ್ಮ ಪೆಟ್ಟಿಗೆಯೊಳಗಿನ ಇಲಿಯಾ, ನೆಂಟರ ಎದುರು ಹೀಗೆ ಮರ್ಯಾದೆ ತೆಗೆದಿರಲ್ಲ, ಆ ಹುಡುಗ ಎದ್ದು ಹೋಗಿದ್ದರೆ ಏನು ಗತಿ ಅಂತ ಜನರಿದ್ದಾರೆ ಅನ್ನೋದನ್ನೂ ಮರೆತು ಕೂಗಾಡಿದೆ.

ಎದ್ದು ಹೋಗಿದ್ದರೆ ಅದೂ ಗೊತ್ತಾಗುತ್ತಿತ್ತಲ್ಲ ಅಂದರು. ಆಮೇಲೆ ಹಳಿಗಳ ಕಡೆ ತಿರುಗಿ ನಿಂತರು. ಇನ್ನೊಂದು ಗಾಡಿ ಬಂತು, ಹೋಯಿತು.

"ನನ್ನನ್ನ ನೋಡೋಕೆ ಬಂದಾಗ ನಾನು ತುಂಬಾ ಚೆನ್ನಾಗಿ ಕೂತಿದ್ದೆ ಕಣೇ," ಅಂದರು. "ಎಲ್ಲರೂ ಹೊಗಳಿದರು. ಎಷ್ಟು ಚೆನ್ನಾಗಿ ಕೂತಿದಾಳೆ ಹುಡುಗಿ ಅಂತ."

ಅಷ್ಟರಲ್ಲಿ ಸ್ವಲ್ಪ ಖಾಲಿ ಇದ್ದ ಗಾಡಿಯೊಂದು ಬಂತು. ಆಕೆ ಯಾರೂ ನೂಕದೆ, ಕಂಬಿ ಹಿಡಿದು, ನಿಧಾನಕ್ಕೆ ಹತ್ತಿ ಕಿಟಕಿಯ ಪಕ್ಕ ಕೂತರು. ಗಾಡಿ ಹೊರಡುವಾಗ ನನ್ನ ಕೈಯನ್ನೇ ನೋಡಿದರು. ಕಣ್ಣೊರೆಸಿಕೊಳ್ಳುತ್ತಿದ್ದೆನಲ್ಲ, ಬಳೆ ಸದ್ದಾಗುತ್ತಿತ್ತು.

"ನಾಳೆ ಬರುವಾಗ ಅದನ್ನ ತೆಗೆದಿಟ್ಟು ಬಾ," ಅಂದರು.